ಫ್ಯಾಕ್ಟರಿ ನೀರು ಹೊಲಕ್ಕೆ: ಕಾಫಿಯದೋ, ಹಾಲಿನದೋ, ಬಟ್ಟೆಯದೋ?

ಬೇಸಿಗೆ ಬಂದು ಬೋರು ಕೈಕೊಟ್ಟಾಗ ಹಾಸನದ ಕೈಗಾರಿಕಾ ಪ್ರದೇಶದ ಸುತ್ತಮುತ್ತಲ ಊರುಗಳಲ್ಲಿ ಈ ಮಾತು ಏಳುತ್ತದೆ. "ಫ್ಯಾಕ್ಟರಿಯವರು ಶುದ್ಧ ಮಾಡಿದ ನೀರು ಪುಕ್ಕಟೆ ಕೊಡ್ತಾರಂತೆ, ಪೈಪೂ ಅವರೇ ಹಾಕ್ತಾರಂತೆ. ತಗೊಳ್ಳೋಣ್ವಾ?" ಚಿಕ್ಕಮಗಳೂರು ಕಡೆ ಇದೇ ಮಾತು ಬೇರೆ ರೂಪದಲ್ಲಿ ಬರುತ್ತದೆ. ಅಲ್ಲಿ ಫ್ಯಾಕ್ಟರಿ ಅಂದರೆ ಎಸ್ಟೇಟಿನ ಪಲ್ಪಿಂಗ್ ಘಟಕ. ಕಾಫಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ನೀರನ್ನು ತೋಟಕ್ಕೇ ಬಿಡಬಹುದಾ ಅಂತ ಕೇಳುತ್ತಾರೆ.

ಹೌದು ಅಥವಾ ಬೇಡ ಅಂತ ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಡೇರಿ ನೀರಿಗೂ ಬಟ್ಟೆಗೆ ಬಣ್ಣ ಹಾಕಿದ ನೀರಿಗೂ ಸಂಬಂಧವೇ ಇಲ್ಲ. ಎರಡನ್ನೂ "ಶುದ್ಧೀಕರಿಸಿದ ನೀರು" ಅಂತ ಒಂದೇ ಹೆಸರಲ್ಲಿ ಕರೆಯುವುದರಿಂದ ಗೊಂದಲ. ನಾನು ಆಯ್ಕೆ ಮಾಡುವಾಗ ಮೊದಲು ಕೇಳುವುದು ಒಂದೇ: ಈ ನೀರಲ್ಲಿ ಉಪ್ಪು ಎಷ್ಟಿದೆ, ಅದು ಎಲ್ಲಿಂದ ಬಂತು? ಮಿಕ್ಕಿದ್ದೆಲ್ಲ ಆಮೇಲೆ.

ಉಪ್ಪೇ ಯಾಕೆ?

ಸಾಮಾನ್ಯ ಶುದ್ಧೀಕರಣ ಘಟಕದಲ್ಲಿ ನಡೆಯುವುದು ಇಷ್ಟು. ಮೊದಲು ಎಣ್ಣೆ, ಜಿಡ್ಡು ತೆಗೆಯುತ್ತಾರೆ. ಸುಣ್ಣವನ್ನೋ ಪಟಿಕವನ್ನೋ (ಆಲಮ್) ಹಾಕಿ ಕೆಸರು ಕೆಳಗೆ ಕೂರಿಸುತ್ತಾರೆ. ಆಮೇಲೆ ಗಾಳಿ ಊದುವ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಕೊಳೆಯುವ ಪದಾರ್ಥವನ್ನು ತಿಂದು ಮುಗಿಸುತ್ತವೆ. ವಾಸನೆ ಹೋಗುತ್ತದೆ, ನೀರು ತಿಳಿಯಾಗುತ್ತದೆ. ಬಿಒಡಿ, ಅಂದರೆ ಕೊಳೆಯುವ ಪದಾರ್ಥ ನೀರಿನ ಆಮ್ಲಜನಕ ಎಷ್ಟು ಹೀರುತ್ತದೆ ಅನ್ನುವ ಲೆಕ್ಕ, ಇಳಿಯುತ್ತದೆ. ಕರಗಿದ ಉಪ್ಪು ಮಾತ್ರ ಬಂದ ಹಾಗೇ ಆಚೆ ಹೋಗುತ್ತದೆ. ಬ್ಯಾಕ್ಟೀರಿಯಾ ಸೋಡಿಯಂ ತಿನ್ನುವುದಿಲ್ಲ, ಕ್ಲೋರೈಡ್ ತಳಕ್ಕೆ ಕೂರುವುದಿಲ್ಲ. ಅದನ್ನು ತೆಗೆಯಬೇಕಾದರೆ ಆರ್‌ಒ ಬೇಕು, ಆರ್‌ಒದಿಂದ ಉಳಿದ ಗಟ್ಟಿ ಉಪ್ಪುನೀರನ್ನು ಕುದಿಸಿ ಆವಿ ಮಾಡುವ ಯಂತ್ರ ಬೇಕು. ಅಷ್ಟು ಖರ್ಚು ಮಾಡಿ ಚೊಕ್ಕ ಮಾಡಿದ ನೀರನ್ನು ಯಾರೂ ರೈತರಿಗೆ ಹಂಚುವುದಿಲ್ಲ, ವಾಪಸ್ ಫ್ಯಾಕ್ಟರಿಗೇ ಬಳಸಿಕೊಳ್ಳುತ್ತಾರೆ.

ಉಪ್ಪಿನ ಲೆಕ್ಕ ಒಮ್ಮೆ ಹಾಕಿ ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷದ 3 ಸಾವಿರ ಲೀಟರ್. ನೀರಿನ ಉಪ್ಪನ್ನು ಅಳೆಯುವ ಇಸಿ (ವಿದ್ಯುತ್ ವಾಹಕತೆ, ಡಿಎಸ್/ಮೀ. ಲೆಕ್ಕದಲ್ಲಿ) 1 ಇದ್ದರೆ ಲೀಟರ್‌ಗೆ ಹೆಚ್ಚು ಕಡಿಮೆ 640 ಮಿಲಿಗ್ರಾಂ ಕರಗಿದ ಉಪ್ಪು ಇದೆ ಅಂತ ಲೆಕ್ಕ. ಇಸಿ 1.5 ಇರುವ ನೀರನ್ನು ಒಂದು ಇಂಚು ಹಾಯಿಸಿದರೆ ಎಕರೆಗೆ ಸುಮಾರು ಒಂದು ಕ್ವಿಂಟಲ್ ಉಪ್ಪು ಎರಚಿದ ಹಾಗಾಯಿತು. ಒಂದು ಬೆಳೆಗೆ ಹತ್ತು ಇಂಚು ಕೊಟ್ಟರೆ ಹತ್ತು ಕ್ವಿಂಟಲ್, ಅಂದರೆ ಒಂದು ಟನ್. ಕಣ್ಣಿಗೆ ಈ ನೀರು ಬಾಟಲಿ ನೀರಿನಷ್ಟೇ ತಿಳಿಯಾಗಿರುತ್ತದೆ! ಅದಕ್ಕೇ "ನೋಡಿ ಸಾರ್, ಮೀನು ಬದುಕಿದೆ" ಅಂತ ತೊಟ್ಟಿಯಲ್ಲಿ ಮೀನು ತೋರಿಸಿದರೆ ಖುಷಿಪಡಬೇಡಿ. ಮೀನು ಬದುಕುವುದಕ್ಕೂ ಹುರುಳಿಕಾಯಿ ಬದುಕುವುದಕ್ಕೂ ಬೇರೆ ಬೇರೆ ಲೆಕ್ಕ.

ಈ ಉಪ್ಪು ಎಲ್ಲಿ ಹೋಗುತ್ತದೆ ಅನ್ನುವುದು ನಿಮ್ಮ ಊರಿನ ಮಳೆಯ ಮೇಲೆ ನಿಂತಿದೆ. ಮೂಡಿಗೆರೆ, ಸಕಲೇಶಪುರದಲ್ಲಿ ವರ್ಷಕ್ಕೆ 2000 ಮಿ.ಮೀ. ದಾಟಿ ಸುರಿಯುತ್ತದೆ. ಬೇಸಿಗೆಯಲ್ಲಿ ಸೇರಿದ್ದು ಆಷಾಢದಲ್ಲಿ ತೊಳೆದು ಹಳ್ಳಕ್ಕೆ ಇಳಿಯುತ್ತದೆ. ನಿಮ್ಮ ಮಣ್ಣು ಬಚಾವ್ ಅನ್ನಿ, ಆದರೆ ಆ ಹಳ್ಳ ಹೇಮಾವತಿಗೋ ಭದ್ರೆಗೋ ಸೇರುತ್ತದೆ, ಕೆಳಗೆ ಅದೇ ನೀರು ಕುಡಿಯುವವರಿದ್ದಾರೆ. ಅರಸೀಕೆರೆ, ಕಡೂರು ಕಡೆ ಅಷ್ಟು ಮಳೆ ಇಲ್ಲ. ಅಲ್ಲಿ ಸೇರಿದ ಉಪ್ಪು ಬೇರಿನ ಮಟ್ಟದಲ್ಲೇ ಉಳಿಯುತ್ತದೆ, ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ಹಾಗಾಗಿ ಮಲೆನಾಡಿನಲ್ಲಿ ನಡೆದುಹೋದ ನೀರು ಬಯಲುಸೀಮೆಯಲ್ಲಿ ನಡೆಯುತ್ತದೆ ಅಂತ ನಂಬಬೇಡಿ.

ಕಾಫಿ ಪಲ್ಪಿಂಗ್ ನೀರು

ನಮ್ಮ ಎರಡೂ ಜಿಲ್ಲೆಗಳಿಗೆ ಇದು ಮನೆಯ ವಿಷಯ. ನನ್ನ ಪಟ್ಟಿಯಲ್ಲಿ ಇದಕ್ಕೇ ಮೊದಲ ಜಾಗ. ಆದರೆ ಷರತ್ತುಗಳಿವೆ.

ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜದ ಸುತ್ತ ಲೋಳೆ ಇರುತ್ತದಲ್ಲ, ಅದರಲ್ಲಿ ಸಕ್ಕರೆ ಮತ್ತು ಪೆಕ್ಟಿನ್. ಈ ಲೋಳೆ ತೊಳೆದ ನೀರು ಒಂದೆರಡು ದಿನದಲ್ಲಿ ಹುಳಿ ಬಂದು ಪಿಹೆಚ್ 4ರ ಹತ್ತಿರಕ್ಕೆ ಇಳಿಯುತ್ತದೆ. ಮೇಲೆ ಬೂದು ನೊರೆ, ಕೆಳಗೆ ಕಪ್ಪು ನೀರು, ಮೂಗು ಮುಚ್ಚಿಕೊಳ್ಳುವ ವಾಸನೆ. ಬಿಒಡಿ ಲೀಟರ್‌ಗೆ ಸಾವಿರಾರು ಮಿಲಿಗ್ರಾಂ ಇರುತ್ತದೆ. ಇದನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕ ಮುಗಿದು ಮೀನು, ಏಡಿ ಎಲ್ಲ ಸಾಯುತ್ತವೆ. ಪಲ್ಪಿಂಗ್ ನಡೆಯುವುದು ನವೆಂಬರ್–ಡಿಸೆಂಬರಿನಿಂದ ಫೆಬ್ರವರಿ–ಮಾರ್ಚ್‌ವರೆಗೆ. ಹಳ್ಳದಲ್ಲಿ ನೀರು ಸಣ್ಣಗಾಗಿರುವ ಕಾಲವೂ ಅದೇ. ಹಾಗಾಗಿ ಹೊಡೆತ ಇನ್ನೂ ಜೋರು.

ಈ ನೀರಿನ ಒಳ್ಳೆ ಗುಣ ಏನೆಂದರೆ ಇದರಲ್ಲಿರುವ ಕೆಟ್ಟದ್ದು ಹೆಚ್ಚೆಲ್ಲ ಹಣ್ಣಿನಿಂದಲೇ ಬಂದದ್ದು. ಯಾರೂ ಕಾಸ್ಟಿಕ್ ಹಾಕಿಲ್ಲ, ಬಣ್ಣ ಹಾಕಿಲ್ಲ, ಅಡಿಗೆ ಉಪ್ಪು ಹಾಕಿಲ್ಲ. ಸಕ್ಕರೆ ಕೊಳೆತು ಹೋಗುತ್ತದೆ. ಉಳಿಯುವುದರಲ್ಲಿ ಮುಖ್ಯವಾದದ್ದು ಪೊಟ್ಯಾಷ್, ಅದು ತೋಟಕ್ಕೆ ಬೇಕಾದದ್ದೇ. ಸುಣ್ಣ ಹಾಕಿ ಹುಳಿ ಮುರಿಯುತ್ತೇವೆ, ನಮ್ಮ ಹುಳಿ ಮಣ್ಣಿಗೆ ಹೇಗಿದ್ದರೂ ಸುಣ್ಣ ಕೊಡುತ್ತಲೇ ಇರುತ್ತೇವೆ.

ಶುದ್ಧ ಮಾಡುವ ಕ್ರಮವೂ ಅಂಥ ಗಹನವಾದದ್ದೇನಲ್ಲ. ಮೊದಲು ಜರಡಿ ಹಾಕಿ ಸಿಪ್ಪೆ ಬೇರೆ ಮಾಡಬೇಕು. ಸಿಪ್ಪೆ ನೀರಲ್ಲಿ ನೆನೆಯುತ್ತಾ ಕೂತರೆ ಬಿಒಡಿ ಏರುತ್ತಲೇ ಇರುತ್ತದೆ. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ. ಆಮೇಲೆ ತೊಟ್ಟಿಯಲ್ಲಿ ಸುಣ್ಣದ ತಿಳಿ ಸೇರಿಸಿ ಪಿಹೆಚ್ 6 ದಾಟಿಸಬೇಕು. ಪಿಹೆಚ್ ಅಂಕಿ ತೋರಿಸುವ ಕಾಗದದ ಪಟ್ಟಿ ಸಾಕು, ಅಂದಾಜಿನಲ್ಲಿ ಸುಣ್ಣ ಸುರಿಯುವುದು ಬೇಡ. ನಂತರ ಗಾಳಿಯಾಡದ ಹೊಂಡ, ಅದಾದ ಮೇಲೆ ಗಾಳಿ ಊದುವ ಹೊಂಡ. ಎರಡಕ್ಕೂ ತಳಕ್ಕೆ ಶೀಟ್ ಹಾಸಿರಬೇಕು, ಇಲ್ಲದಿದ್ದರೆ ಬಾವಿ ನೀರಿಗೆ ಇಳಿಯುತ್ತದೆ. ಹುಳಿ ಮುರಿಯದೆ ನೇರ ಹೊಂಡಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ನೀರು ವಾರಗಟ್ಟಲೆ ಹಾಗೇ ನಾರುತ್ತಾ ಕೂರುತ್ತದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಶುರುವಾದದ್ದು, ನಮ್ಮ ಜಿಲ್ಲೆಯಲ್ಲೇ ಇದೆ. ಹೊಂಡದ ಅಳತೆ, ಸುಣ್ಣದ ಪ್ರಮಾಣ ಇದನ್ನೆಲ್ಲ ಅಲ್ಲಿ ಕೇಳಿ ಮಾಡಿಸುವುದು ವಾಟ್ಸಾಪ್ ಸಲಹೆಗಿಂತ ಮೇಲು.

ಅರೆಬರೆ ಶುದ್ಧವಾದ ನೀರು ತೋಟಕ್ಕೆ ಬಿಟ್ಟರೆ ಏನಾಗುತ್ತದೆ ಅಂತ ಕೇಳುತ್ತಾರೆ. "ಸಕ್ಕರೆ ತಾನೇ, ಗೊಬ್ಬರ ಆಗುತ್ತೆ ಬಿಡಿ" ಅನ್ನುವವರೂ ಇದ್ದಾರೆ. ಮಣ್ಣಿನ ಸೂಕ್ಷ್ಮಜೀವಿಗಳು ಆ ಸಕ್ಕರೆಗೆ ಮುಗಿಬೀಳುತ್ತವೆ. ಬೆಳೆಯುವ ಭರದಲ್ಲಿ ಮಣ್ಣಿನ ಆಮ್ಲಜನಕ ಖಾಲಿ ಮಾಡುತ್ತವೆ, ಬೇರು ಉಸಿರುಗಟ್ಟುತ್ತದೆ. ಜೊತೆಗೆ ಮಣ್ಣಿನ ಸಾರಜನಕವನ್ನೂ ಅವೇ ಹಿಡಿದಿಟ್ಟುಕೊಳ್ಳುತ್ತವೆ. ಯೂರಿಯಾ ಕೊಟ್ಟಿದ್ದರೂ ಗಿಡ ಹಳದಿ ತಿರುಗುವುದು ಅದಕ್ಕೇ. ಮೆಣಸಿನ ಬಳ್ಳಿ ಹಬ್ಬಿಸಿರುವ ತೋಟದಲ್ಲಂತೂ ಬುಡದಲ್ಲಿ ನೀರು ನಿಲ್ಲಲೇಬಾರದು. ಸೊರಗು ರೋಗಕ್ಕೆ ಅದಕ್ಕಿಂತ ಒಳ್ಳೆ ಆಹ್ವಾನ ಇಲ್ಲ.

ಇನ್ನು ಕಾಲದ ಹೊಂದಿಕೆ. ಇದು ನಿಜಕ್ಕೂ ಚೆನ್ನಾಗಿ ಕೂಡಿಬಂದಿದೆ. ರೊಬಸ್ಟಾಗೆ ಹೂ ಬಿಡಿಸಲು ಫೆಬ್ರವರಿ–ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್‌ನಿಂದ ಒಂದರಿಂದ ಒಂದೂವರೆ ಇಂಚು ನೀರು ಕೊಡುತ್ತೇವೆ. ಹೂಮಳೆ ಕೈಕೊಟ್ಟರೆ ಅದೇ ಗತಿ. ಹೊಂಡದಲ್ಲಿ ನೀರು ತುಂಬಿ ಶುದ್ಧವಾಗಿ ನಿಂತಿರುವುದೂ ಅದೇ ಹೊತ್ತಿಗೆ. ಕೇಳಲು ಚೆಂದ, ಆದರೆ ಲೆಕ್ಕ ಹಾಕಿ. ಎರಡು ಲಕ್ಷ ಲೀಟರಿನ ಹೊಂಡ ಅಂದರೆ ದೊಡ್ಡದೇ. ಅಷ್ಟೂ ನೀರು ಎಕರೆಗೆ ಒಂದು ಇಂಚಿನಂತೆ ಹಿಡಿದರೆ ಎರಡು ಎಕರೆಗೂ ಸ್ವಲ್ಪ ಕಡಿಮೆ! ಈಗಿನ ಇಕೋ ಪಲ್ಪರ್ ಬಂದ ಮೇಲೆ ನೀರಿನ ಬಳಕೆ ಇನ್ನೂ ಇಳಿದಿದೆ, ಬರುವ ನೀರು ಗಟ್ಟಿಯಾಗಿದೆ. ಹೀಗಿರುವಾಗ ಪಲ್ಪಿಂಗ್ ನೀರನ್ನು ನೀರಾವರಿಯ ಆಧಾರ ಅಂತ ನೆಚ್ಚಿಕೊಳ್ಳಬೇಡಿ. ಹಳ್ಳ ಕೆಡಿಸದೆ ನೀರು ಮುಗಿಸುವ ದಾರಿ ಅಂತ ನೋಡಿ, ಬಂದಷ್ಟು ಲಾಭ. ಕೆರೆ ನೀರಿನ ಜೊತೆ ಬೆರೆಸಿ ಕೊಡುವುದು ಒಳ್ಳೆಯದು. ಅರಳಿದ ಹೂವಿನ ಮೇಲೆ ಮಾತ್ರ ಸಿಂಪಡಿಸಬೇಡಿ.

ಡೇರಿ ನೀರು

ಹಾಸನದಲ್ಲಿ ಇದು ಎರಡನೇ ಆಯ್ಕೆ. ನೀರು ವರ್ಷವಿಡೀ ಬರುತ್ತದೆ, ಪ್ರಮಾಣವೂ ಜಾಸ್ತಿ. ಕಾಯಿದೆಯ ಪ್ರಕಾರ ಡೇರಿಯೊಂದು ಒಂದು ಲೀಟರ್ ಹಾಲಿಗೆ 3 ಲೀಟರ್ ಕೊಳೆನೀರಿನವರೆಗೆ ಹೊರಗೆ ಬಿಡಬಹುದು. ಹೊರಬರುವ ನೀರಿನ ಬಿಒಡಿ 100 ಮಿಲಿಗ್ರಾಂ, ಎಣ್ಣೆ–ಜಿಡ್ಡು 10 ಮಿಲಿಗ್ರಾಂ ಮೀರಬಾರದು.

ಹಾಲಿನ ಪ್ರೋಟೀನಿನಿಂದ ಸಾರಜನಕ ಬರುತ್ತದೆ, ರಂಜಕವೂ ಇರುತ್ತದೆ. ಹುಲ್ಲಿಗೆ ಇದು ಹಬ್ಬ. ನೇಪಿಯರ್, ಸೀಮೆ ಹುಲ್ಲು ಹಾಕಿದವರ ಗದ್ದೆ ಕಡು ಹಸಿರಾಗುತ್ತದೆ. ಸಂಬಂಧಿಕರು ಬಂದು ನೋಡಿ ಹೊಟ್ಟೆಕಿಚ್ಚು ಪಡುವಷ್ಟು.

ಡೇರಿ ನೀರಿನ ಒಳಗುಟ್ಟು ಬೇರೆ ಇದೆ. ಪೈಪು, ಟ್ಯಾಂಕುಗಳನ್ನು ದಿನವೂ ಕಾಸ್ಟಿಕ್ ಸೋಡಾದಿಂದ, ಆಮೇಲೆ ನೈಟ್ರಿಕ್ ಆಸಿಡ್‌ನಿಂದ ತೊಳೆಯುತ್ತಾರೆ. ಕಾಸ್ಟಿಕ್ ಅಂದರೆ ಸೋಡಿಯಂ. ಆಸಿಡ್ ಸೇರಿ ಪಿಹೆಚ್ ಸರಿಹೋದರೂ ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ. ಇದರ ಮೇಲೆ ಬಾಯ್ಲರಿಗೆ ಮೆದು ನೀರು ಮಾಡುವ ಸಾಫ್ಟ್‌ನರ್ ಇರುತ್ತದೆ. ಅದನ್ನು ಆಗಾಗ ಉಪ್ಪುನೀರಿನಲ್ಲಿ ತೊಳೆಯಬೇಕು, ಮೂಟೆಗಟ್ಟಲೆ ಅಡಿಗೆ ಉಪ್ಪು ಕರಗಿಸಿ. ಆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಡೇರಿಯೇ ಇರಲಿ, ಬೇರೆ ಯಾವ ಫ್ಯಾಕ್ಟರಿಯೇ ಇರಲಿ, ನೀರು ಕೊಡಲು ಬಂದವರನ್ನು ಮೊದಲು ಇದನ್ನೇ ಕೇಳಿ: "ಸಾಫ್ಟ್‌ನರ್ ತೊಳೆದ ನೀರು, ಆರ್‌ಒ ರಿಜೆಕ್ಟ್ ನೀರು ಇದೇ ಪೈಪಿಗೆ ಸೇರುತ್ತಾ?" ಸೇರುತ್ತದೆ ಅಂದರೆ ಅದನ್ನು ಬೇರೆ ಮಾಡುವವರೆಗೂ ಒಪ್ಪಬೇಡಿ. ಬಹಳ ಸಲ ಉಪ್ಪಿನ ದೊಡ್ಡ ಪಾಲು ಈ ಸಣ್ಣ ಪೈಪಿನಿಂದಲೇ ಬರುತ್ತದೆ.

ಸೋಡಿಯಂ ಜಾಸ್ತಿಯಾದರೆ ಮಣ್ಣು ತನ್ನ ಹದ ಕಳೆದುಕೊಳ್ಳುತ್ತದೆ. ನೀರು ಬಿದ್ದರೆ ಅಂಟು, ಒಣಗಿದರೆ ಹೆಂಟೆ. ಮೇಲೆ ಸಣ್ಣ ಪದರ ಕಟ್ಟಿ ನೀರು ಇಂಗುವುದೇ ನಿಲ್ಲುತ್ತದೆ. ಅಜ್ಜಂಪುರ ಕಡೆಯ ಎರೆ ಮಣ್ಣಿನಲ್ಲಿ ಇದು ಬೇಗ ಕಾಣುತ್ತದೆ, ಹಾಸನದ ಕೆಂಪು ಮರಳು ಮಿಶ್ರಿತ ಮಣ್ಣಿನಲ್ಲಿ ನಿಧಾನ. ನೀರಿನ ಪರೀಕ್ಷೆಯಲ್ಲಿ ಎಸ್‌ಎಆರ್ ಅಂತ ಒಂದು ಅಂಕಿ ಕೊಡುತ್ತಾರೆ. ಕ್ಯಾಲ್ಸಿಯಂ, ಮೆಗ್ನೀಸಿಯಂಗೆ ಹೋಲಿಸಿದರೆ ಸೋಡಿಯಂ ಎಷ್ಟಿದೆ ಅನ್ನುವ ಲೆಕ್ಕ ಅದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರಾವರಿ ನೀರಿಗೆ ಎಸ್‌ಎಆರ್ 26ರವರೆಗೆ, ಇಸಿ 2250 ಮೈಕ್ರೋಸೀಮನ್ಸ್‌ವರೆಗೆ, ಅಂದರೆ 2.25ರವರೆಗೆ ಬಿಟ್ಟಿದೆ. ನನ್ನ ಮಟ್ಟಿಗೆ ಇದು ತೀರಾ ಧಾರಾಳ. ಎಸ್‌ಎಆರ್ 10 ದಾಟಿದರೆ ನಾನು ನೀರು ಮುಟ್ಟುವುದಿಲ್ಲ. ಅದಕ್ಕಿಂತ ಕಡಿಮೆ ಇದ್ದರೂ ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದರೆ ಜಿಪ್ಸಂ ಕೊಡುತ್ತೇನೆ.

ಜಿಡ್ಡಿನ ವಿಷಯಕ್ಕೂ ಗಮನ ಇರಲಿ. ಡ್ರಿಪ್ಪಿನ ಹನಿಕೆಯನ್ನು ಬಿಚ್ಚಿ ನೋಡಿದರೆ ಒಳಗೆ ಬಿಳಿ ಲೋಳೆ ಮೆತ್ತಿಕೊಂಡಿರುತ್ತದೆ, ಉಗುರಿನಲ್ಲಿ ಕೆರೆದರೆ ಬೆಣ್ಣೆಯ ಹಾಗೆ ಬರುತ್ತದೆ. ಡೇರಿ ನೀರಿಗೆ ಡ್ರಿಪ್ ಬೇಡ, ಕಾಲುವೆಯಲ್ಲಿ ಹಾಯಿಸುವುದೇ ಸರಿ. ಅಂದ ಹಾಗೆ ಇದು ಡೇರಿಗೆ ಮಾತ್ರ ಸೀಮಿತವಲ್ಲ. ಭೂಮಿಗೆ ಬಿಡುವ ನೀರಿನಲ್ಲಿ ತೇಲುವ ಕಣಗಳು ಲೀಟರ್‌ಗೆ 200 ಮಿಲಿಗ್ರಾಂವರೆಗೆ ಇರಬಹುದು ಅನ್ನುತ್ತದೆ ಸಾಮಾನ್ಯ ನಿಯಮ. ಡ್ರಿಪ್ಪಿಗೆ 50 ದಾಟಿದರೆ ತೊಂದರೆ ಶುರು, 100 ದಾಟಿದರೆ ಕಟ್ಟಿಕೊಳ್ಳುವುದು ಗ್ಯಾರಂಟಿ. ಕಾನೂನು ಪಾಸಾದ ನೀರೇ ನಿಮ್ಮ ಡ್ರಿಪ್ ಕೆಡಿಸಬಹುದು.

ಸಕ್ಕರೆ ಕಾರ್ಖಾನೆ ನೀರು

ಚನ್ನರಾಯಪಟ್ಟಣದ ಕಡೆಯವರಿಗೆ ಈ ವಿಷಯ ಹತ್ತಿರ. ಕಬ್ಬಿನಲ್ಲೇ ಮುಕ್ಕಾಲು ಪಾಲಿನಷ್ಟು ನೀರಿರುತ್ತದೆ, ಹಾಗಾಗಿ ಇಲ್ಲಿ ಉಪ್ಪಿನ ಕಾಟ ಕಡಿಮೆ. ಇರುವುದು ಸಕ್ಕರೆ ಅಂಶ, ಕಬ್ಬು ಅರೆಯುವ ಯಂತ್ರದ ಎಣ್ಣೆ. 2016ರ ನಿಯಮದ ಪ್ರಕಾರ ಒಂದು ಟನ್ ಕಬ್ಬಿಗೆ 200 ಲೀಟರಿಗಿಂತ ಜಾಸ್ತಿ ನೀರು ಹೊರಗೆ ಬಿಡುವಂತಿಲ್ಲ.

ಅದೇ ನಿಯಮದಲ್ಲಿ ಯಾವ ಮಣ್ಣಿಗೆ ದಿನಕ್ಕೆ ಎಷ್ಟು ನೀರು ಬಿಡಬಹುದು ಅಂತಲೂ ಇದೆ. ಮರಳು ಮಣ್ಣಿಗೆ ಹೆಕ್ಟೇರಿಗೆ 225ರಿಂದ 280 ಘನ ಮೀಟರ್, ಜೇಡಿಗೆ 35ರಿಂದ 55. ಈ ಅಂಕಿಯನ್ನು ನಿಮಗೆ ತೋರಿಸಿ "ನೋಡಿ, ಸರ್ಕಾರವೇ ಒಪ್ಪಿದೆ" ಅನ್ನಬಹುದು. 225 ಘನ ಮೀಟರ್ ಅಂದರೆ ದಿನಕ್ಕೆ 22 ಮಿ.ಮೀ., ಹೆಚ್ಚು ಕಡಿಮೆ ದಿನಾ ಒಂದು ಹದವಾದ ಮಳೆ. ನಮ್ಮ ಬೇಸಿಗೆಯಲ್ಲೂ ಬೆಳೆಗೆ ಬೇಕಾಗುವುದು ದಿನಕ್ಕೆ 5–6 ಮಿ.ಮೀ. ಅಷ್ಟೇ. ಆ ಅಂಕಿ ಮಣ್ಣು ಎಷ್ಟು ನೀರು ಕುಡಿಯಬಲ್ಲದು ಅಂತ ಹೇಳುತ್ತದೆ. ಬೆಳೆಗೆ ಎಷ್ಟು ಬೇಕು ಅನ್ನುವ ಲೆಕ್ಕ ನೀವೇ ಹಾಕಿಕೊಳ್ಳಬೇಕು.

ಸಕ್ಕರೆ ಕಾರ್ಖಾನೆಯ ಪಕ್ಕದಲ್ಲಿ ಡಿಸ್ಟಿಲರಿ ಇದ್ದರೆ ಅದರ ನೀರನ್ನು ಇದರ ಜೊತೆ ಸೇರಿಸಿ ಮಾತಾಡಲು ಬಿಡಬೇಡಿ. ಕಾಕಂಬಿಯಿಂದ ಮದ್ಯಸಾರ ತೆಗೆದ ಮೇಲೆ ಉಳಿಯುವ ಕಂದು ನೀರಿನ ಬಿಒಡಿ 40–50 ಸಾವಿರದಷ್ಟು. ಪೊಟ್ಯಾಷ್ ತುಂಬಾ ಇದೆ ನಿಜ. "ಗೊಬ್ಬರದ ನೀರು" ಅಂತ ಟ್ಯಾಂಕರಿನಲ್ಲಿ ಬಂದರೆ ವಾಪಸ್ ಕಳಿಸಿ. ಅದೇ ನೀರು ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಜೊತೆ ಸೇರಿ ಸರಿಯಾಗಿ ಕಳಿತ ಕಾಂಪೋಸ್ಟ್ ಆಗಿ ಬಂದರೆ ಯೋಚನೆ ಮಾಡಬಹುದು.

ಬಟ್ಟೆ ಫ್ಯಾಕ್ಟರಿ ನೀರು

ಹಾಸನದಲ್ಲಿ ಜವಳಿ ಘಟಕಗಳು ಬಂದು ಸಾವಿರಾರು ಹೆಣ್ಣುಮಕ್ಕಳಿಗೆ ಕೆಲಸ ಸಿಕ್ಕಿದೆ. ಅವುಗಳ ನೀರಿನ ಬಗ್ಗೆ ಮಾತಾಡುವಾಗ ಮೊದಲು ಕೇಳಬೇಕಾದದ್ದು ಅಲ್ಲಿ ಏನು ನಡೆಯುತ್ತದೆ ಅಂತ. ಬರೀ ಹೊಲಿಗೆ ನಡೆಯುವ ಗಾರ್ಮೆಂಟ್ಸ್‌ನಿಂದ ಬರುವುದು ಹೆಚ್ಚಾಗಿ ಕ್ಯಾಂಟೀನ್, ಶೌಚಾಲಯದ ನೀರು. ಅದನ್ನು ಊರಿನ ಕೊಳಚೆ ನೀರಿನ ಲೆಕ್ಕಕ್ಕೆ ಹಾಕಿ. ಬಣ್ಣ ಹಾಕುವ, ಬ್ಲೀಚ್ ಮಾಡುವ ಘಟಕ ಇದ್ದರೆ ಕಥೆಯೇ ಬೇರೆ.

ಹತ್ತಿ ಬಟ್ಟೆಗೆ ಬಣ್ಣ ಹಿಡಿಸಲು ಉಪ್ಪು ಬೇಕು. ಗಾಢ ಬಣ್ಣಕ್ಕೆ ಬಣ್ಣದ ನೀರಿನಲ್ಲಿ ಲೀಟರ್‌ಗೆ 50 ಗ್ರಾಂ ದಾಟಿ ಉಪ್ಪು ಹಾಕುತ್ತಾರೆ. ಬಟ್ಟೆ ಬಣ್ಣ ಹೀರಿಕೊಳ್ಳುತ್ತದೆ, ಉಪ್ಪು ಪೂರ್ತಿ ನೀರಲ್ಲೇ ಉಳಿಯುತ್ತದೆ. ಬಣ್ಣ ತೆಗೆದು ತಿಳಿ ಮಾಡಿದ ಮೇಲೂ ಅದು ಉಪ್ಪುನೀರೇ. ತಮಿಳುನಾಡಿನ ತಿರುಪ್ಪೂರಿನಲ್ಲಿ ಆದದ್ದು ಇದೇ. ನೊಯ್ಯಲ್ ನದಿಗೆ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು 1992ರಲ್ಲಿ ಮುಗಿಯಿತು, ರೈತರ ಹೊಲಕ್ಕೆ ನೀರು ಕೊಡಲೆಂದೇ. ಡೈಯಿಂಗ್ ಘಟಕಗಳ ನೀರು ಬಂದು ಅಲ್ಲೇ ತುಂಬಿಕೊಂಡಿತು. ನೀರು ಬೇಕು ಅಂತ ಅಣೆಕಟ್ಟು ಕೇಳಿದ್ದ ರೈತರೇ ಕೋರ್ಟಿಗೆ ಹೋಗಬೇಕಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಒಂದು ಹನಿಯೂ ಹೊರಗೆ ಬಿಡದೆ ಎಲ್ಲ ಮರುಬಳಕೆ ಮಾಡಿದರೆ ಮಾತ್ರ ತೆರೆಯಿರಿ ಅಂದಿತು.

ಹಾಗಾಗಿ ಬಣ್ಣ ಹಾಕುವ ಘಟಕದ ನೀರು ಹೊಲಕ್ಕೆ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ಪ್ಲೇಟಿಂಗ್ (ಲೋಹಕ್ಕೆ ಲೇಪ ಹಾಕುವ), ಚರ್ಮ, ರಾಸಾಯನಿಕ, ಔಷಧ ಕಾರ್ಖಾನೆಗಳ ನೀರೂ ಇದೇ ಸಾಲಿಗೆ. ಅಲ್ಲಿ ಉಪ್ಪಿನ ಜೊತೆ ಕ್ರೋಮಿಯಂ, ನಿಕಲ್‌ನಂಥ ಲೋಹಗಳೂ ಇರಬಹುದು. ಮಣ್ಣಿಗೆ ಸೇರಿದ ಲೋಹ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ.

ಊರಿನ ಕೊಳಚೆ ಶುದ್ಧ ಮಾಡಿದ ನೀರಿನ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ. ಬೆಂಗಳೂರಿನ ಕೆ.ಸಿ. ವ್ಯಾಲಿ ಯೋಜನೆಯ ಶುದ್ಧೀಕರಿಸಿದ ಕೊಳಚೆ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿರುವುದು ಎಲ್ಲರಿಗೂ ಗೊತ್ತು. ಅಲ್ಲಿ ಉದ್ದೇಶ ಕೆರೆ ತುಂಬಿಸಿ ಅಂತರ್ಜಲ ಏರಿಸುವುದು, ನೇರ ಬೆಳೆಗೆ ಬಿಡುವುದಲ್ಲ. ಕೊಳಚೆ ನೀರಿನಲ್ಲಿ ಸಾರಜನಕ, ರಂಜಕ ಸಿಗುತ್ತದೆ. ಭಯ ಇರುವುದು ರೋಗಾಣು ಮತ್ತು ಜಂತುಹುಳುವಿನ ಮೊಟ್ಟೆಯದು. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಕ್ಯಾರೆಟ್‌ಗೆ ಬೇಡ. ಮೇವಿಗೆ, ತೆಂಗಿಗೆ, ಮರದ ಬೆಳೆಗೆ ಸರಿ.

ಯಾವ ಬೆಳೆ ಎಷ್ಟು ತಡೆಯುತ್ತದೆ

ಇಳುವರಿ ಕಡಿಮೆಯಾಗದಂತೆ ಬೆಳೆ ತಡೆಯುವ ನೀರಿನ ಇಸಿ ಎಷ್ಟು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪಟ್ಟಿ ಇದೆ. ಹುರುಳಿಕಾಯಿಗೆ 0.7. ಈರುಳ್ಳಿಗೆ 0.8. ಮೆಣಸಿನಕಾಯಿಗೆ 1. ಹಾಸನದ ಆಲೂಗಡ್ಡೆಗೆ, ಮುಸುಕಿನ ಜೋಳಕ್ಕೆ, ಕಬ್ಬಿಗೆ 1.1. ಟೊಮೆಟೊಗೆ 1.7. ಭತ್ತಕ್ಕೆ 2. ಬಿಳಿಜೋಳ ಗಟ್ಟಿ, 4.5ರವರೆಗೂ ತಡೆಯುತ್ತದೆ. ಮಂಡಳಿ ಹೇಳುವ 2.25ರ ಮಿತಿಯೊಳಗೆ ಇರುವ ನೀರು ನಿಮ್ಮ ಆಲೂಗಡ್ಡೆಗೆ ಎರಡು ಪಟ್ಟು ಉಪ್ಪಾಗಿರಬಹುದು ಅಂತಾಯಿತು.

ತೆಂಗಿಗೆ ಒಂದು ವಿಶೇಷ ಇದೆ, ಅದಕ್ಕೆ ಕ್ಲೋರೈಡ್ ಬೇಕು, ಪೊಟ್ಯಾಷೂ ಬೇಕು. ಅರಸೀಕೆರೆ, ಚನ್ನರಾಯಪಟ್ಟಣದ ತೆಂಗಿನ ತೋಟದವರಿಗೆ ಡೇರಿ ನೀರು ಸಿಕ್ಕರೆ ನಾನು ಬೇಡ ಅನ್ನುವುದಿಲ್ಲ. ಕಾಫಿಗೆ, ಬಾಳೆಗೆ ಉಪ್ಪು ಆಗಿಬರುವುದಿಲ್ಲ. ಶುಂಠಿಗೆ ಬರೀ ತೇವ ಜಾಸ್ತಿಯಾದರೂ ಕೊಳೆ ರೋಗ, ಇನ್ನು ಇಂಥ ನೀರಿನ ಮಾತೇ ಬೇಡ. ಅರಕಲಗೂಡು, ರಾಮನಾಥಪುರ ಕಡೆ ಹೊಗೆಸೊಪ್ಪು ಬೆಳೆಯುವವರು ಇಸಿ ಕಡಿಮೆ ಇದ್ದರೂ ಕ್ಲೋರೈಡ್ ಎಷ್ಟಿದೆ ಅಂತ ನೋಡಲೇಬೇಕು. ಎಲೆಯಲ್ಲಿ ಕ್ಲೋರೈಡ್ ಏರಿದರೆ ಸರಿಯಾಗಿ ಉರಿಯುವುದಿಲ್ಲ, ಹರಾಜು ಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಗಿಡ ಮಾತ್ರ ಹೊಲದಲ್ಲಿ ಸೊಂಪಾಗಿಯೇ ಕಾಣುತ್ತಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಫ್ಯಾಕ್ಟರಿ ಪರವಾಗಿಯೂ ಹೇಳಬೇಕು. ನಿಮ್ಮ ಬೋರಿನ ನೀರನ್ನೂ ಅದೇ ಮೀಟರಿನಲ್ಲಿ ಅಳೆಯಿರಿ. ಬಯಲುಸೀಮೆಯಲ್ಲಿ ಆಳದ ಬೋರಿನ ನೀರೇ ಇಸಿ 1.5 ದಾಟಿರಬಹುದು. ಅಂಥ ಕಡೆ ಇಸಿ 1 ಇರುವ ಡೇರಿ ನೀರು ಬಂದರೆ ಅದೇ ಮೇಲಲ್ವಾ? ಹೋಲಿಸುವಾಗ ಮನಸ್ಸಿನಲ್ಲಿರುವ ಕಾವೇರಿ ನೀರಿಗೆ ಹೋಲಿಸಬೇಡಿ, ನಿಮಗೆ ನಿಜವಾಗಿ ಸಿಗುವ ನೀರಿಗೆ ಹೋಲಿಸಿ.

ಒಪ್ಪುವ ಮುಂಚೆ

ಕೈಯಲ್ಲಿ ಹಿಡಿಯುವ ಇಸಿ ಮೀಟರ್ ಆನ್‌ಲೈನಿನಲ್ಲಿ ಸಿಗುತ್ತದೆ, ಒಂದು ಮೂಟೆ ಗೊಬ್ಬರದಷ್ಟೂ ಬೆಲೆ ಇಲ್ಲದ್ದೂ ಇದೆ. ಅದೊಂದು ಇಟ್ಟುಕೊಳ್ಳಿ. ಫ್ಯಾಕ್ಟರಿಯವರು ಕೊಡುವ ರಿಪೋರ್ಟ್ ಒಂದು ದಿನದ್ದು. ಪೈಪಿನ ತುದಿಯಲ್ಲಿ ನೀವೇ ಬೇರೆ ಬೇರೆ ಹೊತ್ತಿನಲ್ಲಿ ಅಳೆಯಿರಿ, ರಾತ್ರಿ ಪಾಳಿಯಲ್ಲೂ, ಭಾನುವಾರವೂ. ಸಾಫ್ಟ್‌ನರ್ ತೊಳೆದ ಹೊತ್ತಿಗೆ ಅಂಕಿ ದಿಢೀರ್ ಜಿಗಿಯುವುದನ್ನು ನೋಡಿದರೆ ನಿಮಗೇ ಅರ್ಥವಾಗುತ್ತದೆ.

ಪೂರ್ತಿ ಪರೀಕ್ಷೆಗೆ ಲ್ಯಾಬಿಗೆ ಕೊಡುವಾಗ ಪಿಹೆಚ್, ಇಸಿ, ಎಸ್‌ಎಆರ್, ಕ್ಲೋರೈಡ್, ಬೋರಾನ್, ಬಿಒಡಿ, ಸಿಒಡಿ (ಬ್ಯಾಕ್ಟೀರಿಯಾ ತಿನ್ನದ್ದನ್ನೂ ಸೇರಿಸಿ ರಾಸಾಯನಿಕದಿಂದ ಅಳೆಯುವ ಲೆಕ್ಕ) ಕೇಳಿ. ಬಿಒಡಿ ನೋಡುವ ಸ್ಯಾಂಪಲ್ ಐಸಿನಲ್ಲಿಟ್ಟು ಅವತ್ತೇ ತಲುಪಿಸಬೇಕು, ಇಲ್ಲದಿದ್ದರೆ ಅಂಕಿ ಸುಳ್ಳಾಗುತ್ತದೆ. ಬಿಒಡಿ ಕಡಿಮೆ ಇದ್ದು ಸಿಒಡಿ ಅದರ ಹತ್ತಾರು ಪಟ್ಟು ಇದ್ದರೆ ಬ್ಯಾಕ್ಟೀರಿಯಾ ತಿನ್ನಲಾಗದ ಏನೋ ಒಂದು ನೀರಲ್ಲಿ ಉಳಿದಿದೆ ಅಂತ ಲೆಕ್ಕ. ಎಲ್ಲಿ ಪರೀಕ್ಷೆ ಮಾಡಿಸಬೇಕು, ಅಂಕಿಯ ಅರ್ಥ ಏನು ಅನ್ನುವುದಕ್ಕೆ ಹಾಸನದವರು ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಚಿಕ್ಕಮಗಳೂರಿನವರು ಮೂಡಿಗೆರೆಯ ಕೇಂದ್ರದಲ್ಲಿ ವಿಚಾರಿಸಿ.

ಕಾಗದಪತ್ರ ಕೂಡ ನೋಡಿ. 1974ರ ಜಲ ಕಾಯಿದೆಯ ಅಡಿಯಲ್ಲಿ ಇಂಥ ನೀರು ಹೊರಬಿಡುವ ಫ್ಯಾಕ್ಟರಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಂದು ಸಮ್ಮತಿ ಪತ್ರ ಕೊಡುತ್ತದೆ. ದಿನಕ್ಕೆ ಎಷ್ಟು ನೀರು, ಎಲ್ಲಿಗೆ ಬಿಡಬೇಕು ಅಂತ ಅದರಲ್ಲಿ ಬರೆದಿರುತ್ತದೆ. "ತಮ್ಮದೇ ಆವರಣದ ಗಿಡಗಳಿಗೆ" ಅಂತ ಇದ್ದರೆ ನಿಮ್ಮ ಹೊಲಕ್ಕೆ ಬಿಡಲು ಅವರಿಗೆ ಹಕ್ಕಿಲ್ಲ. ನಾಳೆ ತಕರಾರು ಬಂದರೆ ನೀರು ತಗೊಂಡವರೂ ಉತ್ತರ ಹೇಳಬೇಕಾಗಬಹುದು. ಪತ್ರ ತೋರಿಸಲು ಹಿಂಜರಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.

ಒಪ್ಪಂದ ಮಾಡಿಕೊಳ್ಳುವುದಾದರೆ ಬಾಯಿಮಾತಿಗೆ ಬಿಡಬೇಡಿ. "ಬೇಡ ಅಂದ ದಿನ ನೀರು ನಿಲ್ಲಿಸಬೇಕು" ಅನ್ನುವ ಸಾಲು ಅದರಲ್ಲಿ ಇರಲೇಬೇಕು. ಫ್ಯಾಕ್ಟರಿ ಮಳೆಗಾಲದಲ್ಲೂ ಓಡುತ್ತದೆ. ಜುಲೈನಲ್ಲಿ ನಿಮ್ಮ ಗದ್ದೆ ಉಕ್ಕುತ್ತಿರುವಾಗಲೂ ಅವರಿಗೆ ನೀರು ಎಲ್ಲಾದರೂ ಬಿಡಬೇಕು. ಮಳೆಗಾಲದ ನೀರನ್ನು ಅವರೇ ಹಿಡಿದಿಟ್ಟುಕೊಳ್ಳಲು ಹೊಂಡ ಇದೆಯಾ ನೋಡಿ. ಇಲ್ಲ ಅಂದರೆ ನಿಮ್ಮ ಜಮೀನೇ ಅವರ ಹೊಂಡ. ಶುರು ಮಾಡುವ ಮುಂಚೆ ಹೊಲದ ಮಣ್ಣು, ಪಕ್ಕದ ಬಾವಿ ನೀರು ಎರಡನ್ನೂ ಪರೀಕ್ಷೆ ಮಾಡಿಸಿ ರಿಪೋರ್ಟ್ ಇಟ್ಟುಕೊಳ್ಳಿ. ಎರಡು ವರ್ಷದ ಮೇಲೆ ಮಣ್ಣು ಕೆಟ್ಟಿತು ಅಂತ ವಾದ ಮಾಡಲು ಆ ಕಾಗದವೇ ಬೇಕು. ಮೊದಲ ವರ್ಷ ಪೂರ್ತಿ ಜಮೀನಿಗೆ ಬೇಡ, ಒಂದು ಮೂಲೆಯ ಹುಲ್ಲಿನ ಮಡಿಗೆ ಬಿಟ್ಟು ನೋಡಿ.

ನೀರಿನ ಜೊತೆ ಘಟಕದ ಕೆಸರನ್ನೂ ಗೊಬ್ಬರಕ್ಕೆ ಕೊಡುತ್ತೇವೆ ಅನ್ನುವವರಿದ್ದಾರೆ. ಕಾಫಿ ಹೊಂಡದ್ದು, ಡೇರಿಯದ್ದು ಆದರೆ ತಿಪ್ಪೆಗೆ ಹಾಕಿ ಚೆನ್ನಾಗಿ ಕೊಳೆಸಿ ಬಳಸಬಹುದು. ಬಣ್ಣದ ಘಟಕ, ಪ್ಲೇಟಿಂಗ್ ಘಟಕದ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಕ್ಕೆ ಬರುತ್ತದೆ, ಅದನ್ನು ಪರವಾನಗಿ ಇರುವ ವಿಲೇವಾರಿ ಕೇಂದ್ರಕ್ಕೇ ಕಳಿಸಬೇಕು. ಅಂಥದ್ದನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ನಿಮ್ಮ ಗೇಟಿಗೆ ಬಂದರೆ ಗಾಡಿ ನಂಬರ್ ಬರೆದುಕೊಂಡು ಮಂಡಳಿಯ ಜಿಲ್ಲಾ ಕಚೇರಿಗೆ ತಿಳಿಸಿ.